ಭಾನುವಾರದ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಳ್ಳರನ್ನು ಹಿಡಿಯುವವನು. ಪೊಲೀಸ್ ಅಲ್ಲ, ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವವನು. ಇಪ್ಪತ್ತೇಳು ವರ್ಷದಿಂದ ಮನೆ ಮನೆ ಹತ್ತಿ ಇಳಿದು ಜನರ ಗೋಡೆಯ ಮೇಲಿನ ನಂಬರ್ ಬರೆದುಕೊಂಡಿದ್ದೇನೆ. ಮೀಟರಿಗೆ ಅಯಸ್ಕಾಂತ ಅಂಟಿಸುವವರು, ಸೀಲು ಬಿಚ್ಚಿ ಮತ್ತೆ ಹಚ್ಚುವವರು, ನಾನು ಬರುವ ದಿನ ಮಾತ್ರ ಬೀಗ ಹಾಕಿಕೊಂಡು ಮಾಯವಾಗುವವರು, ಎಲ್ಲರನ್ನೂ ನೋಡಿದ್ದೇನೆ. ಒಬ್ಬರನ್ನೂ ಬಿಟ್ಟವನಲ್ಲ. ನಮ್ಮ ಬಡಾವಣೆಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. 'ಮೀಟರಪ್ಪ' ಅಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತವೆ. ಅಂಥ ನಾನು ಹನ್ನೊಂದು ವಾರ ಒಂದು ಮೀಟರಿನಲ್ಲಿ ಸುಳ್ಳು ನಂಬರ್ ಓಡಿಸಿದೆ. ಅದೂ ನನ್ನ ಅಕ್ಕನ ಕಾಲಿಗೆ ಕಟ್ಟಿದ್ದ ಮೀಟರಿನಲ್ಲಿ.

ಅಕ್ಕನಿಗೆ ಅರವತ್ತಾರು, ನನಗೆ ಐವತ್ತೇಳು. ನಾನು ಹತ್ತು ವರ್ಷದವನಿದ್ದಾಗ ಒಂದೇ ವರ್ಷದಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಹತ್ತೊಂಬತ್ತರ ಹುಡುಗಿ ಒಂದು ಲಾಂಡ್ರಿಗೆ ಇಸ್ತ್ರಿ ಕೆಲಸಕ್ಕೆ ಸೇರಿದಳು. ಮೂವತ್ತೊಂದು ವರ್ಷ, ದಿನಕ್ಕೆ ಹತ್ತು ಗಂಟೆ, ಇಸ್ತ್ರಿ ಮೇಜಿನ ಮುಂದೆ ನಿಂತಳು. ಯಾಕೆ ಮದುವೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಈ ಗಿಡ್ಡನಂಥ ತಲೆಹರಟೆಯನ್ನ ಕಟ್ಕೊಂಡು ಇನ್ನೊಬ್ಬನನ್ನೂ ಕಟ್ಕೊಳ್ಲಾ?" ಅನ್ನುತ್ತಿದ್ದಳು. ಗಿಡ್ಡ ಅಂದರೆ ನಾನು. ನನಗೂ ಮದುವೆ ಆಗಿತ್ತು, ಮುರಿದೂ ಹೋಯಿತು. ಅದರ ಗೋಳು ಇಲ್ಲಿ ಬೇಡ. ಈಗ ಎರಡು ಕೋಣೆಯ ಮಹಡಿ ಮನೆಯಲ್ಲಿ ನಾವಿಬ್ಬರೇ.

ನಿಂತು ನಿಂತು ಅವಳ ಕಾಲಿನ ನರಗಳು ಗಂಟು ಗಂಟಾಗಿ ಊದಿಕೊಂಡಿದ್ದವು. ಹೋದ ವರ್ಷ ಬಕೆಟ್ಟಿನ ಅಂಚು ತಗುಲಿ ಎಡಗಾಲಿನ ಪಾದದ ಗಂಟಿನ ಮೇಲೆ ಸಣ್ಣ ಗೀರು ಬಿತ್ತು. ಆ ಗೀರು ಮೂರು ತಿಂಗಳಲ್ಲಿ ನಿಂಬೆಹಣ್ಣಿನಷ್ಟು ಅಗಲದ ಗಾಯವಾಯಿತು. ಮುಲಾಮು, ಮಾತ್ರೆ, ಪಟ್ಟಿ ಎಲ್ಲ ಆಯಿತು. ಜಪ್ಪಯ್ಯ ಅಂದರೂ ಮುಚ್ಚಲಿಲ್ಲ. ವಾಸನೆ ಬರುತ್ತದೆ ಅಂತ ಅಕ್ಕ ಯಾವಾಗಲೂ ಕಿಟಕಿ ತೆಗೆದುಕೊಂಡು ಕೂರುತ್ತಿದ್ದಳು. ಪಕ್ಕದ ಮನೆಯವರು ಮಾತಾಡಿಸಲು ಬಂದರೆ ಬಾಗಿಲಲ್ಲೇ ಮಾತು ಮುಗಿಸಿ ಕಳಿಸುತ್ತಿದ್ದಳು.

ಆಗ ಆಸ್ಪತ್ರೆಯ ಗಾಯದ ವಿಭಾಗದವರು ಒಂದು ಡಬ್ಬಿ ಕೊಟ್ಟರು. ಸೋಪಿನ ಪೆಟ್ಟಿಗೆಗಿಂತ ಚಿಕ್ಕದು, ಬೆಲ್ಟಿನಿಂದ ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳಬೇಕು. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ. ಒಳಗೊಂದು ಪುಟ್ಟ ಅಯಸ್ಕಾಂತ. ಹೆಜ್ಜೆ ಹಾಕಿದಾಗಲೆಲ್ಲ ಅದು ತಂತಿಯ ಸುರುಳಿಯೊಳಗೆ ಜಾರಿ 'ಟಿಕ್' ಅನ್ನುತ್ತದೆ, ಒಂದು ಚೂರು ಕರೆಂಟ್ ಹುಟ್ಟುತ್ತದೆ. ಡಬ್ಬಿ ಅದನ್ನು ಕೂಡಿಟ್ಟುಕೊಂಡು ತೆಳುವಾದ ವೈರಿನ ಮೂಲಕ ಗಾಯದ ಪಟ್ಟಿಗೆ ನಿಧಾನವಾಗಿ ಬಿಡುತ್ತದೆ. ಆ ಸಣ್ಣ ಕರೆಂಟಿಗೆ ಗಾಯದ ಅಂಚು ಬೆಳೆದು ಒಳಗೆ ಸರಿಯುತ್ತದಂತೆ. ಡಬ್ಬಿಯ ಮೇಲೊಂದು ಪುಟ್ಟ ಕಿಟಕಿ, ಅದರಲ್ಲಿ ಆ ದಿನದ ಹೆಜ್ಜೆಯ ಲೆಕ್ಕ.

"ನಿನ್ನೊಬ್ಬನ ಕಾಟ ಸಾಲದು ಅಂತ ನನ್ನ ಕಾಲಿಗೂ ಒಂದು ಮೀಟರ್ ಬಂತು ನೋಡು," ಅಂದಳು ಅಕ್ಕ.

ವಾರಕ್ಕೊಮ್ಮೆ ಪಟ್ಟಿ ಬದಲಿಸಲು ಮನೆಗೆ ಬರುವ ನರ್ಸಮ್ಮ ನಿಯಮ ಹೇಳಿದರು. "ದಿನಕ್ಕೆ ಎರಡು ಸಾವಿರ ಹೆಜ್ಜೆ ಬೇಕು. ಸತತ ಎರಡು ವಾರ ಅದಕ್ಕಿಂತ ಕಡಿಮೆ ಬಂದ್ರೆ ಡಬ್ಬಿ ವಾಪಸ್ ತಗೊಂಡು, ಕಾಯ್ತಿರೋರ ಪಟ್ಟಿಯಲ್ಲಿರೋ ಮುಂದಿನವರಿಗೆ ಕೊಡ್ಬೇಕು. ನಮ್ಮ ಹತ್ರ ಇರೋದೇ ಹನ್ನೆರಡು."

ಅವರನ್ನು ಕಳಿಸಲು ನಾನು ಮೆಟ್ಟಿಲವರೆಗೆ ಹೋದೆ. ಅಲ್ಲಿ ನಿಂತು ಅವರು ಇನ್ನೊಂದು ಮಾತು ಹೇಳಿದರು. ಈ ಕತೆಯೆಲ್ಲ ಇರುವುದು ಆ ಒಂದು ಮಾತಿನಲ್ಲಿ.

"ಕರೆಂಟ್ ಗಾಯಕ್ಕೆ, ನಡಿಗೆ ಕಾಲಿಗೆ. ನಡೆದಾಗ ಮೀನಖಂಡ ಹಿಂಡಿಕೊಂಡ್ರೇನೆ ಕೆಳಗೆ ನಿಂತಿರೋ ರಕ್ತ ಮೇಲಕ್ಕೆ ಹೋಗೋದು. ಇಲ್ದಿದ್ರೆ ಊತ ಇಳಿಯಲ್ಲ, ಎಷ್ಟು ಕರೆಂಟ್ ಕೊಟ್ರೂ ಗಾಯ ಮುಚ್ಚಲ್ಲ. ಎರಡೂ ಬೇಕು. ಇದನ್ನ ನೀವೇ ಅವರಿಗೆ ಬಿಡಿಸಿ ಹೇಳಿ. ನಾನು ಹೇಳಿದ್ರೆ ನನ್ನನ್ನ ಓಡಿಸ್ತಾರೆ."

"ಹೇಳ್ತೀನಿ ಸಿಸ್ಟರ್," ಅಂದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಆ ಕ್ಷಣಕ್ಕೆ ಮರೆತಿದ್ದೆ ಅಂತ ಎಷ್ಟೋ ದಿನ ನನಗೆ ನಾನೇ ಬೊಗಳೆ ಬಿಟ್ಟುಕೊಂಡೆ. ನಿಜ ಅದಲ್ಲ. ಮೊದಲ ವಾರ ಅಕ್ಕ ತಾನಾಗಿಯೇ ನಡೆಯುತ್ತಿದ್ದಳು, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ನಮ್ಮ ಮುಂದಿನ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಎಡಗಾಲು ಊರಿದಾಗಲೆಲ್ಲ 'ಸ್ಸ್' ಅನ್ನುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದೆ. ನಾಲ್ಕನೇ ದಿನ ಅರ್ಧ ದಾರಿಗೆ ನಿಂತು, ಗೋಡೆಗೆ ಒರಗಿ, ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದು ಅತ್ತಳು. ಅಪ್ಪ ಅಮ್ಮ ಹೋದಾಗಲೂ ನನ್ನ ಮುಂದೆ ಅಳದವಳು.

"ಮೂವತ್ತೊಂದು ವರ್ಷ ನಿಂತೆ ಕಣೋ," ಅಂದಳು. "ಇನ್ನಾದ್ರೂ ಕೂತ್ಕೊಳ್ಳೋಕೆ ಬಿಡೋ ನನ್ನ. ಕಾಲು ಹೋದ್ರೆ ಹೋಗ್ಲಿ."

ಇಂಥವಳಿಗೆ ಹೋಗಿ 'ನಡೆಯಲೇಬೇಕು' ಅಂತ ಯಾವ ಬಾಯಲ್ಲಿ ಹೇಳಲಿ?

ವಾರದ ಕೊನೆಗೆ ಲೆಕ್ಕ ನೋಡಿದರೆ ದಿನಕ್ಕೆ ಮುನ್ನೂರು ಚಿಲ್ಲರೆ. ನರ್ಸಮ್ಮ ತಲೆ ಅಲ್ಲಾಡಿಸಿದರು. "ಇನ್ನೊಂದು ವಾರ ಹೀಗೇ ಆದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಮರುದಿನ ಬೆಳಿಗ್ಗೆ ಅಕ್ಕ ಮುಖ ತೊಳೆಯಲು ಹೋದಾಗ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. ನಾನು ಬೂಟು ಹಾಕಿಕೊಳ್ಳುತ್ತಿದ್ದೆ. ನನ್ನ ಕಾಲು ದಿನಕ್ಕೆ ಹತ್ತು ಹನ್ನೊಂದು ಸಾವಿರ ಹೆಜ್ಜೆ ಸವೆಸುವ ಕಾಲು. ಡಬ್ಬಿಯನ್ನೂ ಬೂಟನ್ನೂ ಒಮ್ಮೆ ನೋಡಿದೆ. ಅಷ್ಟೇ, ಪ್ಯಾಂಟ್ ಮೇಲೆತ್ತಿ ಕಟ್ಟಿಕೊಂಡುಬಿಟ್ಟೆ.

"ಏನೋ ಮಾಡ್ತಿದ್ದೀಯ?"

"ನಿನ್ನ ಪಾಲಿಂದು ನಾನು ನಡೀತೀನಿ. ಬಂದ ಮೇಲೆ ಇದನ್ನ ನಿನ್ನ ಪಟ್ಟಿಗೆ ಸಿಕ್ಕಿಸಿದ್ರಾಯ್ತು."

"ನೀನು ನಡೆದ್ರೂ ಆಗುತ್ತಾ?"

ಇಲ್ಲಿ ನಾನು ಹೇಳಬಹುದಿತ್ತು. ಮೆಟ್ಟಿಲ ಮೇಲಿನ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಬದಲಿಗೆ ಏನು ಹೇಳಿದೆ ಗೊತ್ತಾ? "ಕರೆಂಟಿಗೆ ಯಾರ ಕಾಲಾದ್ರೇನಕ್ಕ? ಎಲ್ಲಿಂದ ಬಂದ್ರೂ ಕರೆಂಟ್ ಕರೆಂಟೇ. ನಾನು ಇಲಾಖೆಯವನಲ್ವಾ, ನನ್ನ ಮಾತು ಕೇಳು." ಅವಳು ಕೇಳಿದಳು. ಕರೆಂಟಿನ ವಿಷಯದಲ್ಲಿ ನಾನು ಹೇಳಿದ್ದೇ ಅವಳಿಗೆ ಕೊನೆಯ ಮಾತು. ನರ್ಸಮ್ಮ ನಡೆಯಬೇಕು ಅಂದದ್ದು ಬರೀ ಡಬ್ಬಿ ತುಂಬಲಿ ಅಂತ ಎಂದು ಅವಳು ನಂಬಿದಳು.

ಮೊದಲ ದಿನದ ಎಡವಟ್ಟು ಹೇಳಲೇಬೇಕು. ಉತ್ಸಾಹದಲ್ಲಿ ಇಡೀ ದಿನ ಕಟ್ಟಿಕೊಂಡು ತಿರುಗಿಬಿಟ್ಟೆ. ಸಂಜೆ ನೋಡಿದರೆ ಹನ್ನೊಂದು ಸಾವಿರದ ನಾನೂರ ಅರವತ್ತು.

"ಅಯ್ಯೋ ನಿನ್ನ ಮನೆ ಕಾಯ್ವಾಗ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದನ್ನ ನೋಡಿದ್ರೆ ನನ್ನನ್ನ ಓಟದ ಪಂದ್ಯಕ್ಕೆ ಕಳಿಸ್ತಾರೆ ಕಣೋ ಗಿಡ್ಡ!"

ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು. ಆ ನಗುವಿನ ಆಸೆಗೆ ನಾನು ಇನ್ನೂ ಕೆಟ್ಟೆ. ಮರುದಿನದಿಂದ ನನ್ನ ರೂಟನ್ನೇ ತಿರುವುಮುರುವು ಮಾಡಿಕೊಂಡೆ. ದೂರದ ಬೀದಿಗಳನ್ನು ಬೆಳಿಗ್ಗೆ ಮುಗಿಸುವುದು, ಮಧ್ಯಾಹ್ನ ಮನೆಗೆ ಬಂದು ಡಬ್ಬಿ ಕಟ್ಟಿಕೊಂಡು ಮನೆ ಸುತ್ತಲಿನ ಮೂರು ಬೀದಿ ಓದುವುದು. ಒಂದು ದಿನ ಎರಡೂವರೆ ಸಾವಿರ, ಒಂದು ದಿನ ಮೂರು. ಅನುಮಾನಕ್ಕೆ ಎಡೆಯಿಲ್ಲದ ನಂಬರ್. ಮೊದಲ ದಿನದ್ದನ್ನು ನರ್ಸಮ್ಮ ಡಬ್ಬಿಯ ದೋಷ ಅಂದುಕೊಂಡು ಬಿಟ್ಟರು. ಇಪ್ಪತ್ತೇಳು ವರ್ಷ ಕಳ್ಳರಿಂದ ಕಲಿತದ್ದೆಲ್ಲ ಕೆಲಸಕ್ಕೆ ಬಂತು.

ಆ ತಿಂಗಳಲ್ಲೇ ಒಬ್ಬ ಐಸ್ ಅಂಗಡಿಯವನನ್ನು ಹಿಡಿದೆ. ಮೀಟರಿನ ಹಿಂದೆ ಅಂಗೈಯಗಲದ ಅಯಸ್ಕಾಂತ. "ಮನೇಲಿ ತುಂಬ ಕಷ್ಟ ಇದೆ ಸಾರ್, ಈ ಒಂದು ಸಲ ಬಿಟ್ಟುಬಿಡಿ," ಅಂತ ಕೈ ಮುಗಿದ.

"ಕಷ್ಟ ಯಾರಿಗಿಲ್ಲ? ನಂಬರ್ ಸುಳ್ಳು ಹೇಳಬಾರದು ಕಣಯ್ಯ," ಅಂದೆ. ಬರೆದುಕೊಂಡು ತಿರುಗಿ ಹೊರಟರೆ ಪ್ಯಾಂಟಿನೊಳಗೆ ಟಿಕ್, ಟಿಕ್, ಟಿಕ್. ಅವನಿಗೆ ಕೇಳಿಸುವಷ್ಟು ಸದ್ದಿರಲಿಲ್ಲ. ನನಗೆ ಇಡೀ ಬೀದಿಗೇ ಕೇಳಿಸುತ್ತಿದೆ ಅನ್ನಿಸಿತು.

ಇನ್ನೊಂದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಬರವಣಿಗೆಯೂ ಸುಳ್ಳು ಲೆಕ್ಕವೇ ಆಗುತ್ತದೆ. ನನಗೆ ಖುಷಿಯಾಗುತ್ತಿತ್ತು. ಅವಳು ನನಗೋಸ್ಕರ ನಿಂತಳು, ನಾನು ಅವಳಿಗೋಸ್ಕರ ನಡೆಯುತ್ತಿದ್ದೇನೆ ಅಂತ ಒಳಗೊಳಗೇ ಬೀಗುತ್ತಿದ್ದೆ. ಮೂರನೇ ಬೀದಿಯ ಉದ್ದ ಮೆಟ್ಟಿಲುಗಳನ್ನು, ಬೇಕಿಲ್ಲದಿದ್ದರೂ, ಎರಡೆರಡು ಸಲ ಹತ್ತಿದ್ದಿದೆ. ಮನೆಗೆ ಬಂದು ಡಬ್ಬಿಯನ್ನು ಅವಳ ಪಟ್ಟಿಗೆ ಸಿಕ್ಕಿಸುವಾಗ ಏನೋ ದೊಡ್ಡ ಮನುಷ್ಯನಾದ ಹಾಗೆ ಅನ್ನಿಸುತ್ತಿತ್ತು. ಅವಳು ಕಿಟಕಿ ಪಕ್ಕ ಕಾಲು ಇಳಿಬಿಟ್ಟು ಕೂತೇ ಇರುತ್ತಿದ್ದಳು, ದಿನವಿಡೀ. ಆ ಕಾಲು ಕುಂಬಳಕಾಯಿಯ ಹಾಗೆ ಊದುತ್ತಿದ್ದದ್ದನ್ನು ನಾನು ನೋಡಿಯೂ ನೋಡದವನಂತಿದ್ದೆ.

ಮೊದಲ ಒಂದು ತಿಂಗಳು ಗಾಯ ನಿಜವಾಗಿಯೂ ಕುಗ್ಗಿತು. ನರ್ಸಮ್ಮ ಅಳತೆಪಟ್ಟಿಯಿಟ್ಟು ನೋಡಿ "ಭೇಷ್" ಅಂದರು. ನೋಡಿದೆಯಾ, ನಾನು ಹೇಳಿದ್ದೇ ಸರಿ ಅಂತ ನಾನು ಬೆನ್ನು ತಟ್ಟಿಕೊಂಡೆ. ಆಮೇಲೆ ನಿಂತುಬಿಟ್ಟಿತು. ಎಂಟನೇ ವಾರಕ್ಕೆ ಅಂಚು ಮತ್ತೆ ಒದ್ದೆಯಾಯಿತು, ಸುತ್ತಲಿನ ಚರ್ಮ ಕಪ್ಪಿಟ್ಟಿತು. ನರ್ಸಮ್ಮ ಒಮ್ಮೆ ಡಬ್ಬಿಯ ನಂಬರ್ ನೋಡುವುದು, ಒಮ್ಮೆ ಕಾಲು ನೋಡುವುದು. "ಇಷ್ಟು ಚೆನ್ನಾಗಿ ನಡೀತಿದ್ದೀರಿ, ಊತ ಯಾಕೆ ಇಳೀತಿಲ್ಲ?" ಅಂತ ಅಕ್ಕನನ್ನೇ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಹನ್ನೆರಡನೇ ವಾರ ಮುಗಿದಾಗ ಡಾಕ್ಟರು ಆಸ್ಪತ್ರೆಗೇ ಕರೆಸಿದರು. ಪರದೆಯ ಮೇಲೆ ಮೊದಲ ವಾರದ ಆಚೆಯ ಹನ್ನೊಂದು ವಾರದ ಹೆಜ್ಜೆಗಳು, ದಿನಕ್ಕೊಂದು ಗೆರೆಯಂತೆ, ಸಾಲಾಗಿ ನಿಂತಿದ್ದವು. ಆರು ಗೆರೆ, ಒಂದು ಖಾಲಿ. ಆರು ಗೆರೆ, ಒಂದು ಖಾಲಿ. ಭಾನುವಾರ ನನಗೆ ರಜಾ. ಭಾನುವಾರ ಬರೀ ಸೊನ್ನೆ. ಯಾವುದೋ ಮನೆಯ ಮೀಟರಿನಲ್ಲಿ ಇಂಥದ್ದು ಕಂಡಿದ್ದರೆ ನಾನು ಆ ಮನೆ ಜಾಲಾಡಿಬಿಡುತ್ತಿದ್ದೆ.

"ಭಾನುವಾರ ಯಾಕಮ್ಮ ನಡೆಯೋದೇ ಇಲ್ಲ?" ಡಾಕ್ಟರು ಕೇಳಿದರು.

ಅಕ್ಕ ಕಣ್ಣು ಮಿಟುಕಿಸಲಿಲ್ಲ. "ಭಾನುವಾರ ರಜಾ ಸಾರ್. ಲಾಂಡ್ರಿಯಲ್ಲಿ ವಾರಕ್ಕೆ ಅದೊಂದೇ ದಿನ ನಾನು ಕೂರ್ತಿದ್ದಿದ್ದು. ಅಭ್ಯಾಸ ಬಿಡುತ್ತಾ?"

ಡಾಕ್ಟರು ನಕ್ಕರು. ನನಗೋಸ್ಕರ ಅವಳು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಕೇಳಿ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರು ನಗು ನಿಲ್ಲಿಸಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇಷ್ಟು ನಡೆದೂ ಊತ ಇಳಿದಿಲ್ಲ ಅಂದ್ರೆ ನಡಿಗೆಯಿಂದ ಆಗೋದು ಮುಗೀತು ಅಂತ ಅರ್ಥ. ಆಪರೇಷನ್ ಮಾಡಿ ಕೆಟ್ಟ ನರ ತೆಗೆದು, ತೊಡೆಯ ಚರ್ಮ ತಂದು ಗಾಯಕ್ಕೆ ಹಾಕ್ಬೇಕು. ಪೂರ್ತಿ ಅರಿವಳಿಕೆ ಕೊಡ್ಬೇಕಾಗುತ್ತೆ. ನಿಮ್ಮ ಹೃದಯ ಅಷ್ಟು ಗಟ್ಟಿಯಿಲ್ಲ, ಹಾಗಾಗಿ ಅಪಾಯ ಇದೆ, ಮುಚ್ಚಿಡಲ್ಲ. ಬೇರೆ ದಾರಿ ಇದ್ದಿದ್ರೆ ನಾನು ಇದನ್ನ ಹೇಳ್ತಿರ್ಲಿಲ್ಲ. ಬುಧವಾರ ಸೇರಿಕೊಳ್ಳಿ, ಗುರುವಾರ ಮಾಡೋಣ."

ಬೇರೆ ದಾರಿ ಇತ್ತು. ಅದು ನನ್ನ ಬಾಯೊಳಗೆ ಇತ್ತು. ನಾನು ಬಾಯಿ ಬಿಡಲಿಲ್ಲ. ಡಬ್ಬಿ ಕಿತ್ತುಕೊಳ್ಳುತ್ತಾರೆ ಎಂಬ ಭಯ ಅಲ್ಲ, ಅದೆಲ್ಲ ನೆಪ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಅವಳ ಮುಂದೆ ಹೇಳಬೇಕಲ್ಲ ಎಂಬ ಭಯ. ಥೂ, ನನ್ನ ಜನ್ಮಕ್ಕಿಷ್ಟು.

ಆ ಭಾನುವಾರ ಅಕ್ಕ ನನ್ನ ಏಳೂ ಅಂಗಿ ತೆಗೆದುಕೊಂಡು ಇಸ್ತ್ರಿಗೆ ಕೂತಳು. ಬೇಡ ಅಂದರೆ ಕೇಳಲಿಲ್ಲ. "ನೀನು ಮಾಡಿದ್ರೆ ಕಾಲರ್ ನಾಯಿ ಕಿವಿ ತರ ಜೋತು ಬೀಳುತ್ತೆ," ಅಂದಳು. ಒಂದೊಂದನ್ನೇ ಮಡಿಸಿಡುತ್ತಾ ಮನೆಯ ವಿಷಯ ಹೇಳತೊಡಗಿದಳು. ಬೀಗದ ಕೈ ಎಲ್ಲಿದೆ, ಗ್ಯಾಸಿನವನ ನಂಬರ್ ಎಲ್ಲಿ ಬರೆದಿಟ್ಟಿದ್ದಾಳೆ, ಚಳಿಗೆ ಹೊದೆಯುವುದು ಯಾವ ಪೆಟ್ಟಿಗೆಯಲ್ಲಿದೆ.

"ಈಗ್ಯಾಕಕ್ಕ ಇದೆಲ್ಲ?"

"ಸುಮ್ನೆ ಕೇಳಿಸ್ಕೋ." ಐದನೇ ಅಂಗಿಯ ತೋಳು ನೇವರಿಸಿದಳು. "ಇನ್ನೊಂದು ಮಾತು. ನೀನು ನಂಗೋಸ್ಕರ ಬಿಸಿಲಲ್ಲಿ ನಡೆದೆ. ನಿನ್ನ ಕೈಲಾದ್ದೆಲ್ಲ ಮಾಡಿದ್ದೀಯ. ಗುರುವಾರ ಏನೇ ಆದ್ರೂ ನಿನ್ನ ತಲೆ ಮೇಲೆ ಹಾಕ್ಕೋಬೇಡ, ತಿಳೀತಾ?"

ನಾನು ಎದ್ದು ಮೆಟ್ಟಿಲಿಗೆ ಹೋದೆ. ನರ್ಸಮ್ಮ ನಿಂತು ಮಾತಾಡಿದ್ದ ಅದೇ ಮೆಟ್ಟಿಲು. ಅಲ್ಲಿ ಕೂತು ಹಣೆ ಹಣೆ ಬಡಿದುಕೊಂಡೆ. ಕೆಳಗಿನ ಮನೆಯವಳು ಬಾಗಿಲು ತೆಗೆದು ನೋಡಿ ಮೆಲ್ಲಗೆ ಮುಚ್ಚಿಕೊಂಡಳು.

ಅಷ್ಟಾದರೂ ಅವತ್ತೂ ಹೇಳಲಿಲ್ಲ. ಸೋಮವಾರವೂ ಹೇಳಲಿಲ್ಲ. ಮಂಗಳವಾರ "ಅಕ್ಕ, ಸ್ವಲ್ಪ ನಡೆದು ನೋಡೋಣ್ವಾ?" ಅಂದೆ. "ನಾಡಿದ್ದು ಕುಯ್ಯೋ ಕಾಲನ್ನ ಇವತ್ತು ನಡೆಸಿ ಏನು ಮಾಡ್ತೀಯ?" ಅಂತ ನಕ್ಕಳು.

ಬುಧವಾರ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಕೊಟ್ಟರು. ಆಸ್ಪತ್ರೆಯ ನೀಲಿ ಗೌನಿನಲ್ಲಿ ಅಕ್ಕ ಅರ್ಧ ಆಗಿಹೋಗಿದ್ದಳು. ಡಾಕ್ಟರು ಒಪ್ಪಿಗೆ ಪತ್ರ ತಂದರು. ನರ್ಸಮ್ಮ ಡಬ್ಬಿಯ ವೈರ್ ಬಿಚ್ಚುತ್ತಾ, "ನಿಮ್ಮ ತಪ್ಪೇನೂ ಇಲ್ಲಮ್ಮ. ಇಷ್ಟು ನಿಯತ್ತಾಗಿ ನಡೆದವರು ಹನ್ನೆರಡರಲ್ಲಿ ನೀವೊಬ್ಬರೇ. ಈ ಡಬ್ಬಿ ಇಂಥ ಕಾಲಿಗೆ ಆಗಲ್ಲ ಅಂತ ಬರೀಬೇಕು, ಅಷ್ಟೇ," ಅಂದರು. ಅಕ್ಕ ಪೆನ್ನು ತೆಗೆದುಕೊಂಡು ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ಹುಡುಕುತ್ತಿದ್ದಳು.

"ನಿಲ್ಲಿ," ಅಂದೆ. ಧ್ವನಿ ನನ್ನದೇ ಅನ್ನಿಸಲಿಲ್ಲ. "ಆ ನಂಬರ್ ಸುಳ್ಳು. ಅವಳು ನಡೆದಿಲ್ಲ. ನಾನು ಕಟ್ಕೊಂಡು ತಿರುಗಿದ್ದು. ಹನ್ನೊಂದು ವಾರವೂ ನಾನೇ. ಭಾನುವಾರ ನಂಗೆ ರಜಾ, ಅದಕ್ಕೇ ಸೊನ್ನೆ."

ಡಾಕ್ಟರ ಮುಖ ಕೆಂಪಗಾಯಿತು.

"ನಿಮಗೆ ಬುದ್ಧಿ ಇದೆಯೇನ್ರೀ? ನಿಮ್ಮ ನಂಬರ್ ನಂಬ್ಕೊಂಡು ನಾಳೆ ನಾನು ಇವರ ಮೇಲೆ ಚಾಕು ಹಿಡೀತಿದ್ದೆ!"

"ಅಯ್ಯೋ ಬಿಡಿ ಸಾರ್," ಅಂದಳು ಅಕ್ಕ, ಇನ್ನೂ ನನ್ನ ಪರವಾಗಿಯೇ. "ನಾನೇ ಒಪ್ಪಿದ್ದು. ಕರೆಂಟ್ ಹೋದ್ರೆ ಸಾಕಲ್ವಾ, ಯಾರು ನಡೆದ್ರೇನು ಅಂತ..."

ನರ್ಸಮ್ಮ ನನ್ನನ್ನೇ ನೋಡುತ್ತಿದ್ದರು. "ಮೆಟ್ಟಿಲ ಮೇಲೆ ನಾನು ನಿಮಗೆ ಹೇಳಿದ್ದೆ," ಅಂದರು ಮೆಲ್ಲಗೆ.

ಅಕ್ಕ ಅವರ ಕಡೆ ತಿರುಗಿದಳು. "ಏನು ಹೇಳಿದ್ರಿ ಸಿಸ್ಟರ್?"

ಅವರು ಹೇಳಿದರು. ಕರೆಂಟ್ ಗಾಯಕ್ಕೆ, ನಡಿಗೆ ಕಾಲಿಗೆ. ಎರಡೂ ಬೇಕು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಪೆನ್ನಿನ ಮುಚ್ಚಳ ಹಾಕಿ ಹಾಸಿಗೆಯ ಮೇಲಿಟ್ಟಳು. ಆಮೇಲೆ ನನ್ನನ್ನು ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೊದಲ ದಿನದಿಂದ?"

"ಹೂಂ."

"ಯಾಕೋ ಹೇಳ್ಲಿಲ್ಲ?"

"ನೀನು ನೋವು ಅನ್ನೋದನ್ನ ಕೇಳೋಕೆ ಆಗ್ತಿರ್ಲಿಲ್ಲ ಅಕ್ಕ."

"ನೋವು ನಂದು," ಅಂದಳು. "ಕಿವಿ ಮುಚ್ಕೊಂಡಿದ್ದು ನೀನು."

ಬೈದಿದ್ದರೆ, ಕೆನ್ನೆಗೆ ಒಂದು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಡಾಕ್ಟರು ಹೊರಗೆ ಕರೆದು ಚೆನ್ನಾಗಿ ಉಗಿದರು. ಉಗಿಸಿಕೊಂಡೆ. ಕೊನೆಗೆ ಆಪರೇಷನ್ ನಾಲ್ಕು ವಾರ ಮುಂದೆ ಹಾಕಿದರು. ಹನ್ನೊಂದು ವಾರದ ಲೆಕ್ಕವನ್ನು ಪೂರ್ತಿ ಹೊಡೆದುಹಾಕಿ ಡಬ್ಬಿಯನ್ನು ಸೊನ್ನೆಗೆ ತಂದು ಅಕ್ಕನ ಕಾಲಿಗೆ ಮತ್ತೆ ಕಟ್ಟಿದರು. "ನಂಬರ್ ಎಷ್ಟೇ ಕಡಿಮೆ ಬರ್ಲಿ, ನಿಜದ್ದು ಬೇಕು. ನಾಲ್ಕು ವಾರದಲ್ಲಿ ಊತ ಇಳೀಲಿಲ್ಲ ಅಂದ್ರೆ ಕುಯ್ಯಲೇಬೇಕು." ಪಟ್ಟಿಯಲ್ಲಿದ್ದ ಮುಂದಿನ ಮನುಷ್ಯ ಯಾರೋ, ಅವರು ಇನ್ನೂ ಒಂದು ತಿಂಗಳು ತೆರೆದ ಗಾಯ ಇಟ್ಟುಕೊಂಡು ಕಾಯಬೇಕು. ಅವರ ಮುಖ ನಾನು ನೋಡಿಲ್ಲ. ಅದೂ ನನ್ನ ತಲೆಗೇ.

ಮನೆಗೆ ಬಂದ ಮೇಲೆ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ತಟ್ಟೆ ಇಡುತ್ತಿದ್ದಳು, ಕರೆಯುತ್ತಿರಲಿಲ್ಲ. ಗಿಡ್ಡ ಅನ್ನುವುದಂತೂ ನಿಂತೇ ಹೋಯಿತು. ನಾನು ಕೆಲಸಕ್ಕೆ ಹೋದಾಗ ನಡೆಯುತ್ತಿದ್ದಳೋ ಇಲ್ಲವೋ ಕೇಳುವ ಮುಖ ನನಗಿರಲಿಲ್ಲ. ಬೀದಿಯಲ್ಲಿ ಡಬ್ಬಿಯಿಲ್ಲದ ಕಾಲು ಹಗುರವಾಗಿ ಹೋಗುತ್ತಿದ್ದರೂ ಟಿಕ್ ಟಿಕ್ ಕಿವಿಯಲ್ಲಿ ಇದ್ದೇ ಇತ್ತು. ಐಸ್ ಅಂಗಡಿಯ ಮುಂದೆ ಹಾಯುವಾಗ ಆ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಭಾನುವಾರ ಬಂತು. ತಿಂಡಿ ಆದ ಮೇಲೆ ಅಕ್ಕ ಒಂದು ಕುರ್ಚಿ ಎಳೆದು ತಂದು ಮುಂದಿನ ಕೋಣೆಯ ಗೋಡೆಗೆ ಹಾಕಿದಳು. "ಕೂತ್ಕೋ," ಅಂದಳು. ನಾಲ್ಕು ದಿನದಲ್ಲಿ ಮೊದಲ ಮಾತು. ಕೂತೆ. ಅವಳು ಕಿಟಕಿಯಿಂದ ಬಾಗಿಲಿಗೆ ಹೊರಟಳು. ಟಿಕ್, 'ಸ್ಸ್', ಟಿಕ್, 'ಸ್ಸ್'. ಹನ್ನೊಂದು ಹೆಜ್ಜೆ, ತಿರುಗಿ ಹನ್ನೊಂದು. ಏಳನೇ ಸುತ್ತಿಗೆ ನನ್ನಿಂದ ಆಗಲಿಲ್ಲ, ಅಡುಗೆಮನೆಯ ಕಡೆ ಎದ್ದೆ.

"ಎಲ್ಲಿಗೆ?"

"ನೀರು ಕುಡೀತೀನಿ."

"ಆಮೇಲೆ ಕುಡಿ. ಕೂತ್ಕೊಂಡು ನೋಡು."

ಕೂತೆ. ನೋಡಿದೆ. ಬಾಗಿಲ ಹತ್ತಿರ ಅವಳ ಮೊಣಕಾಲು ನಡುಗುವುದು, ತುಟಿ ಕಚ್ಚಿ ತಿರುಗುವುದು, ಬೆವರಿಗೆ ಕುತ್ತಿಗೆಯ ಕೂದಲು ಅಂಟಿಕೊಳ್ಳುವುದು. ಕಣ್ಣೀರು ತಾನಾಗಿಯೇ ಇಳಿಯುತ್ತಿತ್ತು. ಅವಳು ಗಮನಿಸಿದಳು, ನಿಲ್ಲಲಿಲ್ಲ. ನಲವತ್ತು ಸಲ ಆ ಕೋಣೆ ದಾಟಿ ಕಿಟಕಿ ಪಕ್ಕ ಕೂತಳು. ನಾನು ನೀರು ತಂದು ಕೊಟ್ಟೆ. ಕುಡಿದು ಲೋಟ ವಾಪಸ್ ಕೊಟ್ಟಳು. ಮಧ್ಯಾಹ್ನ ಮತ್ತೆ ಎದ್ದಳು. ಸಂಜೆ ಮತ್ತೆ.

ನಾಲ್ಕು ಭಾನುವಾರ ಹಾಗೆ ಕೂತೆ. ಕೊನೆಯ ಭಾನುವಾರ ಎಡಗಾಲು ಊರಿದಾಗ 'ಸ್ಸ್' ಮೂರು ಸುತ್ತಿಗೊಮ್ಮೆ ಮಾತ್ರ ಬರುತ್ತಿತ್ತು. ಪಾದದ ಗಂಟು ಬಹಳ ದಿನದ ಮೇಲೆ ಗಂಟಾಗಿ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು, ಕಾಲು ಒತ್ತಿ ನೋಡಿದರು, ನರ್ಸಮ್ಮ ಅಳೆದರು. ಗಾಯ ಅರ್ಧಕ್ಕಿಂತ ಕಡಿಮೆಯಾಗಿತ್ತು. "ಕುಯ್ಯೋದು ಬೇಡ," ಅಂದರು ಡಾಕ್ಟರು. "ಹೀಗೇ ನಡೀತಾ ಇರಿ." ಪರದೆಯ ಮೇಲೆ ಗೆರೆಗಳು ಬಂದವು. ಎಲ್ಲ ಕುಳ್ಳ ಕುಳ್ಳ, ಐನೂರು, ಆರುನೂರು. ವಾರಕ್ಕೊಂದು ಮಾತ್ರ ಉದ್ದ.

"ಇದೇನಮ್ಮ ಈಗ ಉಲ್ಟಾ? ಭಾನುವಾರವೇ ಜಾಸ್ತಿ?"

"ಭಾನುವಾರ ಇವನು ಮನೇಲಿರ್ತಾನೆ ಸಾರ್," ಅಂದಳು ಅಕ್ಕ.

ಡಾಕ್ಟರಿಗೆ ಅರ್ಥವಾಗಲಿಲ್ಲ. ನರ್ಸಮ್ಮನಿಗೆ ಆಯಿತು, ಅವರು ಹತ್ತಿಯ ಡಬ್ಬದ ಕಡೆ ತಿರುಗಿಕೊಂಡರು. ನಾನು ನೆಲ ನೋಡುತ್ತಾ ಕೂತೆ.

"ತಲೆ ಎತ್ತೋ ಗಿಡ್ಡ," ಅಂದಳು ಅಕ್ಕ. "ಕನ್ನಡಕ ತಂದಿಲ್ಲ ನಾನು. ಓದು. ನಂಬರ್ ಓದೋದು ನಿನ್ನ ಕೆಲಸ ತಾನೇ?"

ನಾನು ಎದ್ದು ಪರದೆಯ ಹತ್ತಿರ ಹೋಗಿ ಕೊನೆಯ ವಾರದ್ದನ್ನು ಓದಿದೆ. ಸೋಮವಾರ ಆರುನೂರ ಹನ್ನೆರಡು. ಮಂಗಳವಾರ ಐನೂರ ತೊಂಬತ್ತು. ಬುಧವಾರ ಆರುನೂರ ನಲವತ್ತು. ಗುರುವಾರ ಮುನ್ನೂರ ಎಂಟು, ಅವತ್ತು ಜ್ವರ ಇತ್ತಂತೆ, ನನಗೆ ಹೇಳಿರಲಿಲ್ಲ. ಶುಕ್ರವಾರ, ಶನಿವಾರ. ಭಾನುವಾರಕ್ಕೆ ಬಂದಾಗ ನಿಲ್ಲಿಸಿ ಅಕ್ಕನ ಕಡೆ ತಿರುಗಿ ನೋಡಿದೆ. ಅವಳು ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕಾಯುತ್ತಿದ್ದಳು. ನಾನು ಮತ್ತೆ ಪರದೆಗೆ ತಿರುಗಿ ಅದನ್ನೂ ಓದಿದೆ.